ಕೆಂಗೇರಿಯಾಚೆ ಐದು ದಿನ, ಮೂರು ಇಡ್ಲಿ

ಬೇಸಿಗೆ ರಜೆಯ ಒಂದು ಬುಧವಾರ ಬೆಳಿಗ್ಗೆ ಎಂಟಕ್ಕೆ ವಿಜಯನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ನಿಂತು ತಲೆ ಎಣಿಸಿದೆ. ಹದಿನಾಲ್ಕು ಹುಡುಗಿಯರು, ಎಲ್ಲರೂ ಒಂಬತ್ತರಿಂದ ಹನ್ನೆರಡು ವರ್ಷದವರು. ಕೆಂಗೇರಿಯ ಆಚೆ ಒಂದು ಮಾವಿನ ತೋಪಿನಲ್ಲಿ ಐದು ದಿನದ ಶಿಬಿರ, ಊಟ ನಿದ್ದೆ ಎಲ್ಲ ಅಲ್ಲೇ. ನಾನು ಅವರ ಉಸ್ತುವಾರಿಯ ಅಕ್ಕ. ಉಳಿದ ದಿನಗಳಲ್ಲಿ ಬಸವೇಶ್ವರನಗರದ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ, ಮನೆ ರಾಜಾಜಿನಗರದಲ್ಲಿ. ಇಷ್ಟು ಹತ್ತಿರದ ಪ್ರಯಾಣವೂ ಪ್ರವಾಸವೇ ಎಂದು ನಗಬೇಡಿ. ಹದಿನಾಲ್ಕು ಹುಡುಗಿಯರನ್ನು ಒಂದೇ ಬೋಗಿಗೆ ಹತ್ತಿಸಿ ನೋಡಿ, ಆಮೇಲೆ ಮಾತಾಡೋಣ.

ನಾಯಂಡಹಳ್ಳಿ ಬರುವಷ್ಟರಲ್ಲಿ ಎರಡು ಜಗಳ, ಒಂದು ಅಳು ಆಗಿತ್ತು. ಕೆಂಗೇರಿಯಲ್ಲಿ ಇಳಿದು ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ಟಿಕೆಟ್ ಶೂನ್ಯ. ಆಧಾರ್ ಕಾರ್ಡುಗಳ ಕಂತೆ ನೋಡಿ ಕಂಡಕ್ಟರು, "ಏನ್ ಮೇಡಂ, ಇಡೀ ಸ್ಕೂಲೇ ಫ್ರೀನಾ?" ಎಂದರು. "ನಾನೂ ಫ್ರೀನೇ ಅಣ್ಣ" ಎಂದೆ. ಏಳು ಕಿಲೋಮೀಟರು ದಾಟಲು ಅರ್ಧ ಗಂಟೆ ಹಿಡಿಯಿತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಶಿಬಿರ ನಡೆಸುವ ಶೈಲಾ ಮೇಡಂ ನಿಯಮಗಳನ್ನು ಓದಿದರು. ಸರ, ಬಳೆ, ಓಲೆ ಯಾವುದೂ ಮೈಮೇಲೆ ಇರಕೂಡದು. ಮನೆ ಬೇಕು ಅಂತ ಹಟ ಮಾಡಿದವರನ್ನು ಅವತ್ತೇ ವಾಪಸ್ ಕಳಿಸಲಾಗುವುದು. ನಾನು ಒಬ್ಬೊಬ್ಬರಿಗೂ ಕಾಗದದ ಕವರು ಕೊಟ್ಟು, ಪಟ್ಟಿಯಿಂದ ಕಣ್ಣೆತ್ತದೆ ಗದರಿದೆ: "ಕತ್ತಲ್ಲಿರೋದೆಲ್ಲ ತೆಗೀರಿ. ಕವರಿಗೆ ಹಾಕಿ, ಅಂಟಿಸಿ, ಹೆಸರು ಬರೀರಿ. ಬೇಗ!" ನನ್ನ ಗಂಟಲು ದೊಡ್ಡದು, ಮಕ್ಕಳು ಮರುಮಾತಾಡುವುದಿಲ್ಲ. ನೀಲಾ ಎಂಬ ಹತ್ತು ವರ್ಷದ ಹುಡುಗಿಯ ಕವರು ಮಾತ್ರ ದುಂಡಗಿತ್ತು. ಚಾಕಲೇಟು ಬಚ್ಚಿಟ್ಟಿದ್ದಾಳೆ, ಇರಲಿ ಎಂದುಕೊಂಡು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಗುರುವಾರ ಬೆಳಗಿನ ತಿಂಡಿಗೆ ಇಡ್ಲಿ. ಪಕ್ಕದಲ್ಲಿ ಕೂತಿದ್ದ ನೀಲಾ ತನ್ನ ಮೂರು ಇಡ್ಲಿಯನ್ನೂ ನನ್ನ ತಟ್ಟೆಗೆ ಹಾಕಿ, "ನೀವು ತಗೊಳ್ಳಿ ಅಕ್ಕಾ, ನಂಗೆ ಸಾಕು" ಎಂದಳು. ಅಯ್ಯೋ, ಎಷ್ಟು ಪ್ರೀತಿ ಈ ಮಗುವಿಗೆ ಅನ್ನಿಸಿ ನನ್ನ ಹೃದಯ ತುಂಬಿ ಬಂತು. ಚಟ್ನಿ ಚೆನ್ನಾಗಿತ್ತು. ಮೂರನ್ನೂ ತಿಂದೆ.

ಮಧ್ಯಾಹ್ನದ ಚಿತ್ರಾನ್ನ ಯಾರ ತಟ್ಟೆಗೆ ಹೋಯಿತೋ ನಾನು ನೋಡಲಿಲ್ಲ. ನಾಲ್ಕು ಗಂಟೆಗೆ ಖೊಖೊ ಆಡುವಾಗ ನೀಲಾ ಕಂಬ ಹಿಡಿದು ಹಾಗೇ ಕುಸಿದಳು. ಎತ್ತಿಕೊಂಡು ಬಂದು ನೆರಳಿನಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಬಿಟ್ಟಳು, ನೀರು ಕುಡಿದಳು. ಬಾಳೆಹಣ್ಣು ಕೊಟ್ಟರೆ ಬಾಯಿ ಬಿಗಿದುಕೊಂಡಳು.

"ಅವರಪ್ಪಂಗೆ ಫೋನ್ ಮಾಡಿ ಕಳಿಸ್ಬಿಡಿ, ನಮಗೆ ರಿಸ್ಕ್ ಬೇಡ" ಎಂದರು ಶೈಲಾ ಮೇಡಂ.

ನೀಲಾ ನನ್ನ ಕೈ ಹಿಡಿದುಕೊಂಡಳು. "ಕಳಿಸ್ಬೇಡಿ ಅಕ್ಕಾ. ಒಂದು ತಿಂಗಳು ಗೋಗರೆದು ಬಂದಿದೀನಿ. ಈಗ ವಾಪಸ್ ಹೋದ್ರೆ ಅಪ್ಪ ಇನ್ಯಾವತ್ತೂ ಎಲ್ಲಿಗೂ ಕಳಿಸಲ್ಲ."

"ಹಾಗಾದ್ರೆ ತಿನ್ನೇ ಮಾರಾಯ್ತಿ! ಯಾಕೆ ತಿಂತಿಲ್ಲ?"

"ನಿನ್ನೆ ಮನೇಲೇ ಪೂಜೆ ಮಾಡ್ಕೊಂಡು ಬಂದಿದ್ದೆ, ಇವತ್ತಿಂದು ಆಗಿಲ್ಲ. ಪೂಜೆ ಮಾಡ್ದೆ ತಿನ್ನಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ. ಲಿಂಗ ಕವರಲ್ಲಿದೆ. ಕತ್ತಲ್ಲಿರೋದೆಲ್ಲ ತೆಗೀರಿ ಅಂದ್ರಲ್ಲ ನೀವು."

ನನ್ನ ಮುಖಕ್ಕೆ ಯಾರೋ ಬಾರಿಸಿದ ಹಾಗಾಯಿತು. ಬೇರೆ ಯಾರಿಗೋ ತಿಳಿಯದಿದ್ದರೆ ಕ್ಷಮಿಸಬಹುದು. ನಮ್ಮ ಮನೆಯವರೂ ಲಿಂಗ ಕಟ್ಟಿದವರೇ. ನನ್ನ ಲಿಂಗ, ನಾನು ಕಾಲೇಜು ಸೇರಿದ ವರ್ಷ ದೇವರ ಗೂಡು ಸೇರಿ ಅಲ್ಲೇ ಉಳಿದಿದೆ. ಮೈಮೇಲಿನಿಂದ ತೆಗೆಯಬಾರದ್ದನ್ನು ಈ ಮಗು ನನ್ನ ಗದರಿಕೆಗೆ ಹೆದರಿ ತೆಗೆದಿತ್ತು, ನಾನು ಅದನ್ನು ಚಾಕಲೇಟು ಅಂದುಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ.

ಓಡಿಹೋಗಿ ಬೀರು ತೆಗೆದೆ. ಕವರಿನೊಳಗೆ ಪುಟ್ಟ ಬೆಳ್ಳಿ ಕರಡಿಗೆ, ಅದರ ಶಿವದಾರ ನೀಟಾಗಿ ಸುತ್ತಿತ್ತು. ನೀಲಾಳಿಗೆ ಸ್ನಾನ ಮಾಡಿಸಿದೆ. ಅವಳು ಜಗಲಿಯಲ್ಲಿ ಕೂತು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿದಳು. ಹೂವಿಗೆ ಸುತ್ತಲೂ ನೋಡಿದಳು. ತೋಪಿನ ಅಂಚಿನಿಂದ ನಾನೊಂದು ಕಣಗಿಲೆ ಕಿತ್ತು ತಂದೆ. ಉಳಿದ ಹದಿಮೂರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆಮೇಲೆ ಅವಳು ಮೂರು ಬಾಳೆಹಣ್ಣು, ಎರಡು ತಟ್ಟೆ ಉಪ್ಪಿಟ್ಟು ತಿಂದಳು. ಶೈಲಾ ಮೇಡಂ ಫೋನನ್ನು ಬ್ಯಾಗಿಗೆ ಹಾಕಿದರು.

ಉಳಿದ ದಿನಗಳಲ್ಲಿ ನೀಲಾ ಎಲ್ಲರಿಗಿಂತ ಮೊದಲೇ ಎದ್ದು ಪೂಜೆ ಮುಗಿಸುತ್ತಿದ್ದಳು. ಹೂ ತರುವುದಕ್ಕೆ ಹುಡುಗಿಯರಲ್ಲಿ ಪೈಪೋಟಿ ಬಿತ್ತು. ಶನಿವಾರ ನಾಟಕದಲ್ಲಿ ಅವಳು ಹುಲಿಯಾಗಿ ಘರ್ಜಿಸಿದ್ದು ಅಡುಗೆಮನೆಗೂ ಕೇಳಿಸಿತಂತೆ. ಈ ಹುಡುಗಿಯರನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅದೇ ಬಸ್ಸು, ಅದೇ ಮೆಟ್ರೋ. ಅತ್ತಿಗುಪ್ಪೆ ದಾಟಿದಾಗ ನೀಲಾ ಪಿಸುಗುಟ್ಟಿದಳು: "ಒಂದು ದಿನ ಸಂಜೆವರೆಗೂ ಪೂಜೆ ಆಗ್ಲಿಲ್ಲ ಅಂತ ಅಜ್ಜಿಗೆ ಹೇಗೆ ಹೇಳ್ಲಿ ಅಕ್ಕಾ?"

ವಿಜಯನಗರದ ಮೆಟ್ಟಿಲ ಕೆಳಗೆ ಇಳಕಲ್ ಸೀರೆಯ ಅಜ್ಜಿ ನಿಂತಿದ್ದರು. ಗದಗದ ಕಡೆಯವರು, ಈಗ ಮಾರೇನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. "ಬಂದೇನ ನನ್ನವ್ವಾ! ಪೂಜಿ ತಪ್ಪಿಸಿಲ್ಲ ಹೌದಿಲ್ಲೋ?" ಎಂದು ಮೊಮ್ಮಗಳ ಗಲ್ಲ ಹಿಡಿದರು. ನೀಲಾ ನೆಲ ನೋಡಿದಳು.

"ಅಜ್ಜಿ, ತಪ್ಪು ನಂದು" ಎಂದು ನಾನೇ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ.

ಅಜ್ಜಿ ಕೇಳಿದ್ದು ಒಂದೇ: "ಮತ್ತ ಆಕಿ ಪಾಲಿನ ಇಡ್ಲಿ ಏನಾದವು?"

"ನಾನು ತಿಂದೆ ಅಜ್ಜಿ."

"ಮೂರೂ?"

"ಮೂರೂ."

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಹಂಗಾರ ಪೂಜಿ ತಪ್ಪಿಲ್ಲ ಬಿಡವ್ವಾ. ಕೈಯಾಗ ಲಿಂಗ ಇರಲಿಲ್ಲ, ನಿನ್ನಂಥ ನಡದಾಡೋ ಲಿಂಗಕ್ಕ, ಜಂಗಮಕ್ಕ ಉಣಿಸ್ಯಾಳ." ನೀಲಾಳ ಮುಖ ಅರಳಿತು. ರಸ್ತೆ ದಾಟುವ ಮುನ್ನ ತಿರುಗಿ, ಹುಲಿಯ ಹಾಗೆ ಒಂದು ಸಲ ಘರ್ಜಿಸಿ ಹೋದಳು.

ಸೋಮವಾರ ಬೆಳಿಗ್ಗೆ ರಾಜಾಜಿನಗರದ ಮನೆಯಲ್ಲಿ ಅಮ್ಮ ನನ್ನ ಮುಂದೆ ತಟ್ಟೆ ಇಟ್ಟಳು. ಬಿಸಿ ಇಡ್ಲಿ, ಮೂರು. ಎಷ್ಟು ಹಸಿವಿದ್ದರೂ ಕೈ ಮುಂದೆ ಹೋಗಲಿಲ್ಲ.

"ಅಮ್ಮಾ, ನನ್ನ ಕರಡಿಗೆ ಎಲ್ಲಿ?"

ಅಮ್ಮ ಸೌಟು ಹಿಡಿದೇ ನನ್ನನ್ನು ನೋಡಿದಳು. ಆಮೇಲೆ ಇಡ್ಲಿಯ ಮೇಲೆ ಒಂದು ತಟ್ಟೆ ಮುಚ್ಚಿದಳು.

"ಅದೆಲ್ಲಿಗೆ ಹೋಗುತ್ತೆ? ನೀನು ಇಟ್ಟಲ್ಲೇ ಇದೆ ಕಣೇ."