ಸೇಲಂನ ಗೆಜ್ಜೆ ಅಕ್ಕ

ಹೋದ ವಾರ ಮಗಳ ಕಾಲ್ಗೆಜ್ಜೆಯ ಕೊಂಡಿ ಕಿತ್ತುಹೋಯಿತೆಂದು ತುಮಕೂರಿನ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋಗಿದ್ದೆ. ಅವರು ಬಿಳಿಗಾರ ಹಚ್ಚಿ, ಬೆಂಕಿ ಊದಿ ಬೆಸುಗೆ ಹಾಕಿದರು. ಆಮೇಲೆ ಗೆಜ್ಜೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ಉಜ್ಜಿದರು. ಕಾದ ಬೆಳ್ಳಿ, ಸುಟ್ಟ ಬಿಳಿಗಾರ, ಅಂಟುವಾಳದ ಹುಳಿ ಹುಳಿ ವಾಸನೆ... ಮೂರೂ ಒಟ್ಟಿಗೆ ಮೂಗಿಗೆ ಬಂದಾಗ ಸೇಲಂನ ಅಕ್ಕ ಕಣ್ಣ ಮುಂದೆ ಬಂದು ಕೂತರು.

ಎಂಟು ವರ್ಷದ ಹಿಂದಿನ ಮಾತು. ಆಗ ನಾನು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೆ. ಶಂಕಗಿರಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಒಂದು ಕೆಟ್ಟಿತ್ತು. ಎರಡು ದಿನದ ಕೆಲಸ, ವಸತಿ ಸೇಲಂನ ಲಾಡ್ಜಿನಲ್ಲಿ. ನನಗೆ ಹೊರಡುವ ಮನಸ್ಸಿರಲಿಲ್ಲ. ಅಮ್ಮನ ಕುತ್ತಿಗೆಯಲ್ಲಿ ಗಂಟೊಂದು ಎದ್ದಿತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅಪ್ಪ ತೀರಿಕೊಂಡಿದ್ದು ಗಂಟಲಿನ ಕ್ಯಾನ್ಸರಿನಿಂದ. ಹಾಗಾಗಿ ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ವರದಿ ಬರುವುದು ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಎಂದಿದ್ದರು. ರಜೆ ಕೇಳಿದೆ, ಸಿಗಲಿಲ್ಲ. ತಾನು ಅಮ್ಮನ ಜೊತೆಗಿರುತ್ತೇನೆ, ಡಾಕ್ಟರು ಹೇಳಿದ ಕೂಡಲೇ ಫೋನ್ ಮಾಡುತ್ತೇನೆ ಎಂದು ತಂಗಿ ಧೈರ್ಯ ಹೇಳಿ ಕಳಿಸಿದಳು.

ಎರಡನೆಯ ದಿನ ಹನ್ನೆರಡಕ್ಕೆಲ್ಲ ಕೆಲಸ ಮುಗಿಯಿತು. ರಾತ್ರಿಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಲಾಡ್ಜಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂರಲಾಗದೆ ಊರು ನೋಡೋಣವೆಂದು ಹೊರಬಿದ್ದೆ. ಮಾವಿನ ಕಾಲ. ಶೆವ್ವಾಪೇಟೆಯ ಅಂಗಡಿಗಳ ಮುಂದೆ ಬುಟ್ಟಿಗಟ್ಟಲೆ ಹಣ್ಣು, ಮೂಟೆ ಇಳಿಸುವವರ ಕೂಗು, ಒಂದೇ ಒಂದು ಅಕ್ಷರ ಓದಲಾಗದ ಬೋರ್ಡುಗಳು. ಕಾಲು ಹೋದತ್ತ ನಡೆದೆ. ಒಂದು ಓಣಿ, ಅದರೊಳಗೆ ಇನ್ನೊಂದು ಓಣಿ. ಎರಡೂವರೆಗೆ ಜೇಬಿನಿಂದ ಫೋನ್ ತೆಗೆದರೆ ಪರದೆ ಕಪ್ಪಾಗಿತ್ತು. ಹಳೆಯ ಬ್ಯಾಟರಿ, ಕೈಕೊಟ್ಟಿತ್ತು. ಚಾರ್ಜರ್ ಲಾಡ್ಜಿನಲ್ಲಿ. ಲಾಡ್ಜು ಯಾವ ದಿಕ್ಕಿನಲ್ಲಿದೆಯೋ ತಿಳಿಯಲಿಲ್ಲ.

ಎರಡು ಅಂಗಡಿಯಲ್ಲಿ ಸನ್ನೆ ಮಾಡಿ ಕೇಳಿದೆ. ಅವರು ಹೇಳಿದ್ದು ನನ್ನ ತಲೆಗೆ ಹತ್ತಲಿಲ್ಲ. ರಸ್ತೆ ಬದಿಯಲ್ಲಿ ನಿಂತು, ಶಿವನೇ, ಈಗೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಜೋರಾಗಿಯೇ ಹೇಳಿಕೊಂಡಿರಬೇಕು.

"ಕನ್ನಡದೋರಾ ತಂಬಿ?"

ಎದುರು ಮನೆಯ ಜಗಲಿಯ ಮೇಲೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕಾಲು ಚಾಚಿ ಕೂತು, ಬೆಳ್ಳಿ ಸರಪಳಿಗೆ ಪುಟ್ಟ ಪುಟ್ಟ ಗೆಜ್ಜೆ ಸಿಕ್ಕಿಸುತ್ತಿದ್ದರು. ತೊಡೆಯ ಮೇಲೆ ಒಂದು ಬಿಳಿ ಬಟ್ಟೆ. ಒಳಗೆ ಅವರ ಮಗ ಬೆಸುಗೆ ಹಾಕುತ್ತಿದ್ದ. ಆ ವಾಸನೆ ಓಣಿಯ ತನಕ ಬರುತ್ತಿತ್ತು. ನಾನು ಜಗಲಿ ಹತ್ತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಮ್ಮನ ಗಂಟಿನ ಸಂಗತಿಯನ್ನೂ ಸೇರಿಸಿ.

ಅವರು ಪೂರ್ತಿ ಕೇಳಿದರು. ಅವತ್ತು ಐದು ಗಂಟೆಯ ತನಕ ಬೀದಿಗೆಲ್ಲ ಕರೆಂಟ್ ಇಲ್ಲವೆಂದರು. ಆಮೇಲೆ ತೊಡೆಯ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದು ಜೋಪಾನವಾಗಿ ಮಡಿಸಿ, ಎದ್ದು, ತಮ್ಮ ಬಟನ್ ಫೋನ್ ತಂದು ಕೈಗಿಟ್ಟರು. ಫೋನ್ ಹಿಡಿದು ನಾನು ಹಾಗೇ ನಿಂತೆ. ತಂಗಿಯ ನಂಬರು ನನಗೆ ನೆನಪಿರಲಿಲ್ಲ. ನೆನಪಿದ್ದದ್ದು ಒಂದೇ ನಂಬರು, ಅದು ಅಮ್ಮನದು ಎಂದು ಅವರಿಗೆ ಹೇಳಿದೆ. ನಿನಗೆ ಅದೇ ಕಾಯಿಲೆಯಾ ಎಂದು ಅಮ್ಮನನ್ನೇ ಹೇಗೆ ಕೇಳುವುದು?

"ಎದ್ರಿಕೊಂಡು ಎಷ್ಟೊತ್ತು ನಿಂತಿರ್ತೀಯಾ? ಅಮ್ಮನ್ನೇ ಕೇಳ್ಲಾ," ಎಂದರು ಅಕ್ಕ.

ಮೂರು ಸಲ ಮಾಡಿದೆ. ಗುರುತಿಲ್ಲದ ನಂಬರನ್ನು ಅಮ್ಮ ಎತ್ತುವವಳಲ್ಲ. ಅಕ್ಕ ನನ್ನನ್ನು ನೆಲದ ಮೇಲೆ ಕೂರಿಸಿ, ನೀರು ಕೊಟ್ಟು, ಮತ್ತೆ ಗೆಜ್ಜೆ ಹಿಡಿದರು. ನನ್ನ ಗಮನ ಬೇರೆಡೆ ಹೋಗಲೆಂದೋ ಏನೋ, ತಮ್ಮ ಸಂಗತಿ ಹೇಳತೊಡಗಿದರು. ತವರು ನಲ್ಲಂಪಳ್ಳಿಯ ಕಡೆಯ ಹಳ್ಳಿಯಂತೆ. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದರಂತೆ. ಮನೆಮಾತು ಕನ್ನಡ. ಅತ್ತೆ ಇರುವ ತನಕ ಮನೆಯಲ್ಲಿ ಕನ್ನಡ ಇತ್ತು. ಅವರು ಹೋದ ಮೇಲೆ ಮಗನಿಗೆ ಕನ್ನಡದಲ್ಲಿ ಹೇಳಿದರೆ ಅವನು ತಮಿಳಿನಲ್ಲಿ ಉತ್ತರ ಕೊಡುತ್ತಾನಂತೆ. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ...

ಮೂರೂ ಕಾಲಿಗೆ ಅವರ ಫೋನ್ ಹೊಡೆದುಕೊಂಡಿತು. ಅದು ಅವರ ಪಕ್ಕದಲ್ಲೇ ಇತ್ತು. ಮೂರು ಸಲ ಬಂದ ನಂಬರೆಂದು ಅಮ್ಮನೇ ತಿರುಗಿ ಮಾಡಿದ್ದಳು. ಅಕ್ಕನೇ ಎತ್ತಿದರು.

"ಅಮ್ಮಾ, ನಾನು ಸೇಲಂನಿಂದ ಮಾತಾಡ್ತಿವ್ನಿ. ನಿಮ್ ಮಗ ನಮ್ಮನೇಲಿ ಅವ್ನೆ. ಏನೂ ಆಗಿಲ್ಲ, ಚೆನ್ನಾಗವ್ನೆ. ಫೋನ್ ಸತ್ತೋಗೈತೆ, ಅಷ್ಟೇಯ. ನೀವು ಏಳಿ, ಡಾಕ್ಟ್ರು ಏನಂದ್ರು?"

ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ಆ ಕಡೆಯಿಂದ ಅಮ್ಮ ಏನೋ ಹೇಳುತ್ತಿದ್ದಳು. ಅಕ್ಕ ಹೂಂಗುಡುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಫೋನನ್ನು ಎದೆಗೊತ್ತಿಕೊಂಡು ಹೇಳಿದರು.

"ಏನೂ ಇಲ್ವಂತೆ ಕಣ್ಲಾ. ಬರೀ ನೀರು ಗಂಟಂತೆ. ಮಾತ್ರೇಲೇ ಓಗ್ತೈತಂತೆ."

ನಾನು ಅತ್ತುಬಿಟ್ಟೆ. ಎರಡು ವಾರದಿಂದ ತಡೆದಿಟ್ಟಿದ್ದ ಅಳು ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಮನೆಯ ಜಗಲಿಯ ಮೇಲೆ ಹೊರಬಂತು. ಅಮ್ಮನೊಡನೆ ನಾನಾಡಿದ್ದು ನಾಲ್ಕೇ ಮಾತು. ಅಕ್ಕ ಮತ್ತೆ ಫೋನ್ ತೆಗೆದುಕೊಂಡು ಹತ್ತು ನಿಮಿಷ ಮಾತಾಡಿದರು. ಅಮ್ಮನಿಗೆ ಎಷ್ಟು ಮಕ್ಕಳು, ಮುದ್ದೆಗೆ ಏನು ಸಾರು ಮಾಡುತ್ತಾರೆ, ಎಲ್ಲ ಆಯಿತು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಬೀದಿಯ ಸದ್ದು ಅಷ್ಟು ಹಿತವಾಗಿ ನನಗೆ ಮತ್ತೆಂದೂ ಕೇಳಿಸಿಲ್ಲ.

ಹೊರಡಲು ಎದ್ದಾಗ ಅಕ್ಕ ತಡೆದರು.

"ಇರ್ಲಾ, ಪ್ಯಾಂಟು ಕೊಡವ್ಬುಟ್ಟು ಓಗು. ನಮ್ ಬೆಳ್ಳಿಯೆಲ್ಲ ನಿಮ್ಮೂರಿಗೆ ಒಂಟೋಯ್ತೈತೆ."

ಅಲ್ಲಿ ನೆಲದ ಧೂಳನ್ನೂ ಗುಡಿಸಿ, ಕರಗಿಸಿ ಬೆಳ್ಳಿ ತೆಗೆಯುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು. ನಾನು ಪ್ಯಾಂಟು ಕೊಡವಿದೆ, ಅವರು ಮುಂಗೈಯಿಂದ ಧೂಳು ಒತ್ತರಿಸಿಕೊಂಡು ನಕ್ಕರು. ಆಮೇಲೆ ಆಟೋ ನಿಲ್ಲಿಸಿ, ಲಾಡ್ಜಿನ ಗುರುತನ್ನು ತಮಿಳಿನಲ್ಲಿ ಹೇಳಿ ಕಳಿಸಿಕೊಟ್ಟರು.

ಅದು ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಭಾನುವಾರ ಅಮ್ಮ ತಾನಾಗಿಯೇ ಆ ನಂಬರಿಗೆ ಫೋನ್ ಮಾಡಿದಳು. ಅದರ ಮುಂದಿನ ಭಾನುವಾರ ಅಕ್ಕ ಮಾಡಿದರು. ಮುಖ ನೋಡದೆ ಏಳು ವರ್ಷ ಅವರಿಬ್ಬರೂ ಮಾತಾಡಿದರು. ಸೊಸೆಯ ಬಾಣಂತನಕ್ಕೆ ಏನು ಕೊಡಬೇಕೆಂದು ಅಕ್ಕ ಕೇಳುತ್ತಿದ್ದರು. ನಮ್ಮ ಮೇಲಿನ ಸಿಟ್ಟನ್ನೆಲ್ಲ ಅಮ್ಮ ಅವರಿಗೆ ಒಪ್ಪಿಸುತ್ತಿದ್ದಳು.

ಹೋದ ವರ್ಷ ಒಂದು ಭಾನುವಾರ ಅಕ್ಕನ ಸೊಸೆ ಫೋನ್ ಎತ್ತಿ ತಮಿಳಿನಲ್ಲಿ ಏನೋ ಹೇಳಿದಳು. ಅಮ್ಮ ನನ್ನ ಕೈಗೆ ಕೊಟ್ಟಳು. "ಅತ್ತೆ ಪೋಯಿಟ್ಟಾಂಗ" ಎಂದದ್ದು ನನಗೂ ಅರ್ಥವಾಯಿತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವೆಂದು ಆಮೇಲೆ ಅವರ ಮಗ ಹರಕು ಕನ್ನಡದಲ್ಲಿ ಹೇಳಿದ. ನಾನು ಹೇಳಿದಾಗ ಅಮ್ಮ, "ನರಳಲಿಲ್ಲ ತಾನೇ?" ಎಂದಷ್ಟೇ ಕೇಳಿದಳು.

ಹನ್ನೊಂದನೆಯ ದಿನಕ್ಕೆ ಅಮ್ಮನನ್ನು ಸೇಲಂಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅಮ್ಮ ಅದರ ಹತ್ತಿರ ಹೋಗಿ, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಳು. "ಧ್ವನಿ ಕೇಳಿ ತೆಳ್ಳಗಿದಾಳೆ ಅಂದ್ಕೊಂಡಿದ್ದೆ," ಎಂದಳು.

ಈಗ ಭಾನುವಾರದ ಮಧ್ಯಾಹ್ನಗಳಲ್ಲಿ ಅಮ್ಮ ನನ್ನ ಹತ್ತಿರ ಮಾತಾಡುತ್ತಾಳೆ. ನಾನು ಹೂಂಗುಡುತ್ತೇನೆ. ಅಕ್ಕನ ಹಾಗೆ ಕೇಳಿಸಿಕೊಳ್ಳಲು ನನಗೆ ಬರುವುದಿಲ್ಲ.