ಮಸೂತಿಯ ಡಬರಿ ಡೆನ್ಮಾರ್ಕಿಗೆ ಹೋದದ್ದು

ಶೇವಂತೆವ್ವನ ಮಗ ಕಾಳಪ್ಪ ಡೆನ್ಮಾರ್ಕಿಗೆ ಹೋಗಿಬಂದ ಕತೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ನಮ್ಮ ಮಸೂತಿ ಊರಲ್ಲಿ ಇನ್ನೊಬ್ಬರಿಲ್ಲ. ಉಳಿದವರು ಉಪ್ಪು ಖಾರ ಹಚ್ಚುತ್ತಾರೆ. ನಾನು ಅವನ ಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವನು. ಅವನು ಹಾಕಿಕೊಂಡು ಹೋದ ಕೋಟು ಹೊಲಿದವನು ನಮ್ಮಪ್ಪ ಮಶಾಕಸಾಬ. ಅದರ ತೋಳು ಗಿಡ್ಡವಾಗಿತ್ತು ಎನ್ನುವುದು ಶುದ್ಧ ಸುಳ್ಳು. ಕಾಳಪ್ಪನ ಕೈಯೇ ಉದ್ದ.

೧೯೬೧ರ ಮಾತು. ಕಾಳಪ್ಪ ಕೃಷಿ ಸಾಲಿಯಲ್ಲಿ ಓದುತ್ತಿದ್ದ. ಪರದೇಶದ ರೈತರ ಮನೆಯಲ್ಲಿ ಮೂರು ತಿಂಗಳಿದ್ದು ದನ ಸಾಕುವುದನ್ನು ಕಲಿಯುವ ಯಾವುದೋ ಯೋಜನೆ ಬಂದು, ಅದರಲ್ಲಿ ಇವನ ಹೆಸರು ಹತ್ತಿತು. ಊರವರು ಹಲಗಿ ಬಾರಿಸಿ ಕಳಿಸಿಕೊಟ್ಟರು. ಶೇವಂತೆವ್ವ ಒಂದು ಹಿತ್ತಾಳೆ ಡಬರಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಕೊಟ್ಟಳು.

"ಡಬರಿ ನನ್ನ ತವರಮನೀದೈತಿ. ನೀ ಹೊಳ್ಳಿ ಬರೂದು ಎರಡು ದಿನ ತಡಾ ಆದ್ರೂ ನಡೀತೈತಿ, ಅದು ಬರಬೇಕು ನೋಡು" ಅಂದಳು.

ಅಲ್ಲಿ ಅವನನ್ನು ಇಟ್ಟುಕೊಂಡ ರೈತನ ಹೆಸರು ಯೆನ್ಸ್, ಹೆಂಡತಿ ಕಾರೆನ್. ನಮ್ಮವನು ಎರಡೇ ದಿನಕ್ಕೆ ಅವರನ್ನು ಯೆನ್ಸಪ್ಪ, ಕಾರೆವ್ವ ಮಾಡಿಬಿಟ್ಟ. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೆ, ಇವನಿಗೂ ಅಷ್ಟಕ್ಕಷ್ಟೆ. ಆದರೆ ಕಾಳಪ್ಪ ಕತೆ ಹೇಳುವಾಗ ಯೆನ್ಸಪ್ಪ ನಮ್ಮ ಕಡೆಯ ಮಾತನ್ನೇ ಆಡುತ್ತಾನೆ, ನಾನೂ ಹಾಗೇ ಹೇಳುತ್ತೇನೆ.

ದೇಶ ಕಂಡು ಅವನಿಗೆ ಮೊದಲು ಅನಿಸಿದ್ದು, ಇಲ್ಲಿಯ ಜನರೆಲ್ಲ ಎಲ್ಲಿ ಹೋದರು ಎಂದು. ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದರೂ ಬಾಗಿಲಲ್ಲಿ ನಿಂತು "ಚಾ ಆತೇನ್ರಿ?" ಅನ್ನಬೇಡವೇ? ಕಣ್ಣಿಗೆ ಬೀಳುವಂತೆ ಇದ್ದದ್ದು ಒಂದೇ ಮನೆ, ಅಂಡರ್ಸ್ ಎಂಬುವವನದು. ಅವನಿಗೂ ಯೆನ್ಸಪ್ಪನಿಗೂ ಬದುವಿನ ಜಗಳವಾಗಿ ಎಂಟು ವರ್ಷದಿಂದ ಮಾತಿಲ್ಲ. ಇದನ್ನು ಕೇಳಿದ ಮೇಲೆ ಕಾಳಪ್ಪನಿಗೆ ಆ ದೇಶ ತುಸು ನಮ್ಮದೇ ಅನಿಸಿತಂತೆ.

ನಾಲ್ಕನೆಯ ದಿನ ಇವನು ಊರಿನ ರೂಢಿಯಂತೆ ಹೊಲದ ಗೇಟು ಹಾಕದೆ ಹಾಗೇ ಬಿಟ್ಟು ಬಂದ. ಯೆನ್ಸಪ್ಪನ ಆಕಳುಗಳೆಲ್ಲ ಅಂಡರ್ಸನ ಬೆಳೆಗೆ ನುಗ್ಗಿದವು. ಎಂಟು ವರ್ಷ ತಲೆ ಎತ್ತಿಕೊಂಡು ತಿರುಗಿದ ಯೆನ್ಸಪ್ಪ ಅಂದು ತಲೆ ತಗ್ಗಿಸಿ ದನ ಹೊಡೆದುಕೊಂಡು ಬರಬೇಕಾಯಿತು.

"ಶನಿವಾರ ಯೋಜನೇದ ಸಾಹೇಬ ಬರ್ತಾನ. ನಿನ್ನ ಕರಕೊಂಡು ಹೋಗಂತ ಹೇಳ್ತೇನಿ" ಅಂದ.

ಕಾಳಪ್ಪನಿಗೆ ಊರಿನ ಚಿಂತೆ ಹತ್ತಿತು. ಹಲಗಿ ಬಾರಿಸಿ ಕಳಿಸಿದ ಊರಿಗೆ ವಾರ ತುಂಬುವುದರೊಳಗೆ ಯಾವ ಮೋರೆ ಹೊತ್ತು ಹೋಗುವುದು? ಮಸೂತಿಯವರು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಗುರುವಾರ ಒಂದು ಆಕಳು ಈಯಿತು. ಕಾಳಪ್ಪನಿಗೆ ಹೊಸ ಚಿಂತೆ. ಈದ ಆಕಳ ಗಿಣ್ಣ ನೆರೆಮನೆಗೆ ಹಂಚದಿದ್ದರೆ ಆಕಳು ಬತ್ತುತ್ತದೆ, ಬತ್ತಿದರೆ ಆ ಪಾಪವೂ ತನ್ನ ತಲೆಗೇ. ಕಾರೆವ್ವನಿಂದ ಮೊದಲ ಹಾಲು ಬೇಡಿಕೊಂಡು, ಸಕ್ಕರೆ ಹಾಕಿ, ಅವ್ವನ ಡಬರಿಯಲ್ಲೇ ಗಿಣ್ಣ ಕಾಸಿದ. ಮನೆಯವರಿಗೆ ಬಡಿಸಿ, ಉಳಿದದ್ದನ್ನು ಎತ್ತಿಕೊಂಡು ಅಂಡರ್ಸನ ಮನೆಗೆ ನಡೆದ.

ಅಂಡರ್ಸ್ ಮೂಸಿ ನೋಡಿದ. ಒಂದು ಚಮಚ ತಿಂದ. ಆಮೇಲೆ ನಿಂತಲ್ಲೇ ನಿಂತು ಡಬರಿಯ ತಳ ಕೆರೆದ. ಅವನ ತಾಯಿಯೂ ಇಂಥದ್ದೇ ಗಿಣ್ಣ ಮಾಡುತ್ತಿದ್ದಳಂತೆ. ಡಬರಿಯನ್ನು ತೊಳೆದು ತಂದು ಮುಂದೆ ಹಿಡಿದ.

ಕಾಳಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ. "ಖಾಲಿ ಒಯ್ಯಾಕ ಬರಂಗಿಲ್ರಿ."

ಅಂಡರ್ಸ್ ಒಳಗೆ ಹೋಗಿ ರೊಕ್ಕ ತಂದ.

"ಛೀ ಛೀ! ಗಿಣ್ಣಕ್ಕ ರೊಕ್ಕೇನ್ರಿ? ಏನರ ತಿನ್ನೂದು ಹಾಕ್ರಿ."

ಆರಡಿ ಆಳು ಬಾಗಿಲಲ್ಲಿ, ನಮ್ಮಪ್ಪನ ಕೋಟು ತೊಟ್ಟ ಕಾಳಪ್ಪ ಮೆಟ್ಟಿಲ ಮೇಲೆ. ಇಬ್ಬರೂ ಕದಲಲಿಲ್ಲ. ಕೊನೆಗೆ ಪೀಡೆ ತೊಲಗಲಿ ಎಂದು ಅಂಡರ್ಸ್ ಕೋಳಿಯ ತತ್ತಿಗಳನ್ನು ತುಂಬಿಕೊಟ್ಟ.

ಅಂಡರ್ಸನ ತತ್ತಿ ಎಂದು ಕೇಳಿ ಯೆನ್ಸಪ್ಪನ ಮುಖ ಕೆಂಪಾಯಿತು. ರಾತ್ರಿ ಅವನ್ನು ಕರಿದು ತಿಂದ, ಅದು ಬೇರೆ ಮಾತು. ಬೆಳಿಗ್ಗೆ ಬರಿದಾದ ಡಬರಿಯನ್ನೇ ದಿಟ್ಟಿಸಿ ನೋಡುತ್ತ ಕೂತ.

"ಅಂವಾ ಕೊಟ್ಟು ಸುಮ್ನ ಕುಂತಾನಲ್ಲ, ನಾ ಏನ್ ಭಿಕಾರಿ ಅದೇನೇನು? ಗಿಣ್ಣು ಇಡು ಅದರಾಗ!"

ಈ ಗಿಣ್ಣು ಅಂದರೆ ಚೀಸು, ಮೊದಲು ಕಾಸಿದ ಗಿಣ್ಣವಲ್ಲ. ಕಾಳಪ್ಪ ಹಾಗೇ ಕರೆಯುತ್ತಿದ್ದ. ಅದು ಹೋಯಿತು, ಒಣಗಿಸಿದ ಮೀನು ಬಂತು. ಬೆಣ್ಣೆ ಹೋಯಿತು, ಬ್ರೆಡ್ಡು ಬಂತು. ಒಯ್ಯುವವನು, ತರುವವನು ಕಾಳಪ್ಪ. ಅವರಿಬ್ಬರಿಗೆ ಮಾತ್ರ ಇನ್ನೂ ಮಾತಿಲ್ಲ.

ಶನಿವಾರ ಸಾಹೇಬ ಬಂದ. ಕಾಳಪ್ಪ ಟ್ರಂಕು ಕಟ್ಟಿ, ಕೋಟು ಹಾಕಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು ಎಂದು ಅವನೇ ಹೇಳಿದ್ದಾನೆ.

"ಹುಡುಗ ಬ್ಯಾಡಂತ ಹೇಳಿದ್ರಂತಲ್ಲ?" ಅಂದ ಸಾಹೇಬ.

ಯೆನ್ಸಪ್ಪ ಸಿಡುಕಿದ. "ಇಂವನ್ನ ಕಳಿಸಿದ್ರ ಡಬರಿ ಯಾರು ಒಯ್ಯಬೇಕ್ರಿ? ನಾ ಒಯ್ಯಲ್ಯಾ ಅವನ ಮನೀಗೆ?"

ಹೀಗೆ ಕಾಳಪ್ಪ ಪೂರ್ತಿ ಮೂರು ತಿಂಗಳು ಉಳಿದ. ದನದ ವಿದ್ಯೆ ಕಲಿತ, ಗೇಟು ಹಾಕುವುದನ್ನೂ ಕಲಿತ. ಡಬರಿಯ ಓಡಾಟವನ್ನೆಲ್ಲ ಅವ್ವನಿಗೆ ಕಾಗದದಲ್ಲಿ ಬರೆಯುತ್ತಿದ್ದ; ಅವರಿಬ್ಬರು ಮಾತ್ರ ಕೊನೆಯವರೆಗೂ ಮಾತಾಡಲಿಲ್ಲ.

ಊರಿಗೆ ಬಂದಾಗ ಮತ್ತೆ ಹಲಗಿ ಬಡಿದೆವು. ಶೇವಂತೆವ್ವ ಮಗನ ಮುಖವನ್ನೂ ಸರಿಯಾಗಿ ನೋಡದೆ ಟ್ರಂಕಿಗೆ ಕೈ ಹಾಕಿದಳು.

"ಡಬರಿ ಎಲ್ಲೈತೋ?"

"ನಾ ಹೊಂಡೂ ದಿನ ಅದು ಅಂಡರ್ಸಪ್ಪನ ಮನ್ಯಾಗಿತ್ತವ್ವ. ಖಾಲಿ ಕೊಡ್ರಿ ಅಂತ ಕೇಳಾಕ ಬರ್ತೈತೇನು?"

"ನನ್ನ ತವರಮನಿ ಡಬರಿ ಮುಳುಗಿಸಿ ಬಂದ್ಯಲ್ಲೋ, ಹಾಳಾದವನ!" ಅವಳು ನಡುಬೀದಿಯಲ್ಲಿ ಕೂತೇಬಿಟ್ಟಳು. ಸ್ವಲ್ಪ ಹೊತ್ತು ಬೈದಳು. ಆಮೇಲೆ ಏನೋ ಹೊಳೆದು ತಲೆ ಎತ್ತಿದಳು.

"ನೀ ಇಲ್ಲಿ ಬಂದಿ. ಈಗ ಅದನ್ನ ಯಾರು ಒಯ್ತಾರ?"

"ಮತ್ಯಾರ ಅದಾರವ್ವ? ಅವರಿಬ್ಬರೂ ತಾವ ಒಯ್ಯಬೇಕು."

ಶೇವಂತೆವ್ವ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಹಂಗಾರ ಅಲ್ಲೇ ಇರ್ಲಿ ಬಿಡು" ಅಂದಳು.