ಮುನ್ನಿ ಕುಡಿದ ಬಿಳಿ ನೀರು

ಫಿನೈಲ್ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಅತನೂರಿನ ಖೈರುನ್‌ಬಿಯ ಆಡು ಮುನ್ನಿ ಮೋಸಹೋದದ್ದು ಬಹುಶಃ ಆ ಬಣ್ಣಕ್ಕೇ ಇರಬೇಕು. ಬಾಣಂತಿ ಸೊಸೆಯ ಕೋಣೆ ಒರೆಸಲೆಂದು ಕಲಸಿಟ್ಟ ಬಕೆಟ್ಟಿಗೆ ಅದು ಬಾಯಿ ಹಾಕಿತ್ತು. ಅಫಜಲಪುರದಲ್ಲಿ ಪಶುವೈದ್ಯೆಯಾಗಿರುವ ನಾನು ತಲುಪಿದಾಗ, ತುಂಬು ಗಬ್ಬದ ಮುನ್ನಿ ನಡುಗುತ್ತ ಗೋಡೆಗೆ ಒರಗಿತ್ತು. ತಾಯಿ ಸತ್ತ ಮರಿಯೆಂದು ಬಾಟಲಿ ಹಾಲುಣಿಸಿ ಅದನ್ನು ಬೆಳೆಸಿದವಳು ಖೈರುನ್‌ಬಿಯೇ.

"ಇದು ಹೋದ್ರ ನಾ ಹ್ಯಾಂಗಿರ್ಲಿರಿ, ಮೇಡಂ?" ಎಂದಳು ಮೆಲ್ಲಗೆ.

ಬಾಯಿ ತೊಳೆದೆ, ಹೊಟ್ಟೆಗೆ ನಳಿಕೆಯಿಳಿಸಿ ವಿಷ ಹೀರುವ ಇದ್ದಿಲಪುಡಿಯ ನೀರು ಹೊಯ್ದೆ, ಸಲೈನ್ ಏರಿಸಿದೆ. ಇನ್ನುಳಿದದ್ದು ಮುನ್ನಿಯ ಯಕೃತ್ತಿಗೆ ಬಿಟ್ಟ ಕೆಲಸ. ನಮ್ಮದು ಕಾಯುವುದು ಮಾತ್ರ.

ಫಿನೈಲಿನಲ್ಲಿರುವ ವಿಷವಸ್ತುಗಳನ್ನು ರಸಾಯನಶಾಸ್ತ್ರ ಆರೊಮ್ಯಾಟಿಕ್, ಅಂದರೆ ಸುಗಂಧಿ ಎಂದು ಕರೆಯುತ್ತದೆ. ಹೆಸರಿನಲ್ಲಿ ಗಂಧವಿದ್ದರೂ ಗುಣದಲ್ಲಿ ಎಷ್ಟೋ ವಿಷವೇ. ಇವುಗಳ ಅಣುವಿನಲ್ಲಿರುವ ಇಂಗಾಲದ ಗಟ್ಟಿ ಉಂಗುರವನ್ನು ಒಡೆಯುವುದು ದೇಹಕ್ಕೆ ಬಲು ಕಷ್ಟ. ಹಾಗಾಗಿ ಯಕೃತ್ತು ಜಗಳಕ್ಕಿಳಿಯದೆ, ಉಂಗುರಕ್ಕೆ ಸಕ್ಕರೆಯಿಂದಾದ ಒಂದು ತುಣುಕನ್ನೋ ಗಂಧಕದ ತುಣುಕನ್ನೋ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರಪಿಂಡದ ಬಾಗಿಲಿನಿಂದ ಹೊರಗೆ ಸಾಗಹಾಕುತ್ತದೆ. ಬೆಕ್ಕಿಗೆ ಈ ಸಕ್ಕರೆಯ ವಿದ್ಯೆ ಅಷ್ಟಾಗಿ ಒಲಿದಿಲ್ಲ, ಅದೇ ಬಕೆಟ್ಟು ಅದರ ಪ್ರಾಣ ತೆಗೆದೀತು. ಆದರೆ ತೊಗರಿ ಹೊಟ್ಟು, ಜೋಳದ ಕಣಿಕೆ, ಬೇಲಿಯ ಸೊಪ್ಪು ಮೇಯುವ ಆಡಿನ ಒಡಲಿಗೆ ಸಸ್ಯಗಳೊಳಗಿನ ಇಂಥ ಉಂಗುರಗಳನ್ನು ಹೊರಹಾಕುವುದು ನಿತ್ಯದ ಕಸಬು. ಬಂದ ಕಹಿಗೆಲ್ಲ ಒಂದಿಷ್ಟು ಸಿಹಿ ಹಚ್ಚಿ ಬೀಳ್ಕೊಡುವ ಈ ನಯ ನಮ್ಮ ನಾಲಿಗೆಗೆ ಇಲ್ಲದಿದ್ದರೂ ಒಡಲಿಗೆ ಇದೆಯಲ್ಲ ಎಂಬುದು, ಗೆಳೆಯರೇ, ನನಗೆ ಎಂದಿನಿಂದಲೂ ಸಮಾಧಾನದ ಸಂಗತಿ.

ಹೊತ್ತು ಇಳಿಯುವಾಗ ಮುನ್ನಿ ಉಚ್ಚೆ ಹೊಯ್ಯಿತು. ಕಪ್ಪು ಹಸಿರು ಬಣ್ಣ ಕಂಡು ಖೈರುನ್‌ಬಿ ನನ್ನತ್ತ ತಿರುಗಿದಳು.

"ಒಳಗೆಲ್ಲಾ ಸುಟ್ಟು ಹೋಗ್ಯಾದೇನ್ರಿ?"

"ಇಲ್ಲ ಅವ್ವಾ, ವಿಷ ಹೊರಗ ಬರಾಕತ್ತದ. ಮುನ್ನಿನೇ ಅದನ್ನ ಹೊರಗ ಹಾಕಾಕತ್ತದ. ಉಚ್ಚಿ ತಿಳಿ ಆಗೂತನ ನೀರು ಕುಡಿಸ್ತಾ ಇರ್ರಿ."

ಮರುದಿನ ಬೆಳಿಗ್ಗೆ ಫೋನು ಬಂತು: "ತಿಳಿ ಆಗ್ಯಾದ್ರಿ. ಎದ್ದು ಮೇಯಾಕತ್ತದ."

ಕೆಲವು ವಾರಗಳ ನಂತರ ಆ ದಾರಿಯಲ್ಲಿ ಹೋದಾಗ ಮುನ್ನಿಗೆ ಮರಿಯಾಗಿತ್ತು. ಖೈರುನ್‌ಬಿ ಅದನ್ನೆತ್ತಿ ನನ್ನ ಮಡಿಲಿಗಿಟ್ಟಳು. ಮರಿ ಒಡನೆ ನನ್ನ ಸೀರೆ ಒದ್ದೆ ಮಾಡಿತು. ಆಕೆ ಸೆರಗಿನಿಂದ ಒರೆಸಲು ಬಾಗಿದವಳು ಅರೆಗಳಿಗೆ ತಡೆದಳು, ಮೊದಲು ಬಣ್ಣ ನೋಡಿದಳು.

"ಛಲೋ ಅದರಿ," ಎಂದಳು ನಗುತ್ತ, ಒರೆಸುವುದನ್ನೇ ಮರೆತು.